ಫಿಜಿಗೆ ಹೋಗೋದಾದರೆ ಕ್ಯಾಲೆಂಡರ್ ನೋಡಿ ಹೋಗಿ: ಜಾತ್ರೆ, ಮ್ಯಾಚು, ಕೊಂಡ, ದೀಪಾವಳಿ

ಫಿಜಿ ಅಂದ ತಕ್ಷಣ ಕಣ್ಣ ಮುಂದೆ ಬರುವುದು ನೀಲಿ ನೀರು, ಬಿಳಿ ಮರಳು, ಒಂದು ಬಾಗಿದ ತೆಂಗಿನ ಮರ. ಅದೇನೂ ಸುಳ್ಳಲ್ಲ. ಆದರೆ ಐದು ದಿನ ರಿಸಾರ್ಟಿನ ಗೇಟಿನೊಳಗೆ ಕೂತು ಎಳನೀರು ಕುಡಿದು ಬರುವುದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು ಹೇಳಿ? ಅಲ್ಲಿನ ಜನ ಬೀಚಿನಲ್ಲಿ ಸಿಗುವುದಿಲ್ಲ. ಶನಿವಾರ ರಗ್ಬಿ ಮೈದಾನದಲ್ಲಿ ಸಿಗುತ್ತಾರೆ, ಆಗಸ್ಟಿನಲ್ಲಿ ಜಾತ್ರೆಯ ತೊಟ್ಟಿಲ ಕೆಳಗೆ ಸಿಗುತ್ತಾರೆ, ದೀಪಾವಳಿ ರಾತ್ರಿ ಬೀದಿಯಲ್ಲಿ ಸಿಗುತ್ತಾರೆ.

ಹಾಗಾಗಿ ಪ್ಲಾನ್ ಮಾಡುವ ಕ್ರಮವನ್ನೇ ಉಲ್ಟಾ ಮಾಡಿ. ಮೊದಲು ಒಂದು ಹಬ್ಬ ಅಥವಾ ಒಂದು ಪಂದ್ಯಾವಳಿ ಆರಿಸಿಕೊಳ್ಳಿ. ಆಮೇಲೆ ಅದು ಯಾವ ಊರಿನಲ್ಲಿ ಅಂತ ನೋಡಿ. ಆಮೇಲೆ ವಿಮಾನ, ಆಮೇಲೆ ರೂಮು. ಬೀಚು ಕೊನೆಗೆ. ಅದು ಎಲ್ಲಿಗೂ ಓಡಿಹೋಗುವುದಿಲ್ಲ.

ಮೊದಲು ನಕ್ಷೆ ತೆಗೆಯಿರಿ

ಫಿಜಿಯಲ್ಲಿ 330ಕ್ಕೂ ಹೆಚ್ಚು ದ್ವೀಪಗಳಿವೆ, ಜನ ಇರುವುದು ಸುಮಾರು 110ರಲ್ಲಿ. ನಿಮಗೆ ಬೇಕಾದ ಹೆಚ್ಚಿನ ಗದ್ದಲ ಎಲ್ಲ ವಿತಿ ಲೆವು ಅನ್ನುವ ದೊಡ್ಡ ದ್ವೀಪದಲ್ಲೇ ನಡೆಯುತ್ತದೆ. ವಿಮಾನ ಇಳಿಯುವುದು ಪಶ್ಚಿಮದ ನಾಂದಿಯಲ್ಲಿ. ರಾಜಧಾನಿ ಸುವಾ ಇರುವುದು ಪೂರ್ತಿ ಆ ಕಡೆ, ಆಗ್ನೇಯದಲ್ಲಿ. ನಡುವೆ ಕ್ವೀನ್ಸ್ ರೋಡ್, ಸುಮಾರು 190 ಕಿಲೋಮೀಟರ್, ಬಸ್ಸಿನಲ್ಲಿ ನಾಲ್ಕು ಗಂಟೆ ಇಟ್ಟುಕೊಳ್ಳಿ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನೇ ಮೊದಲ ಸಲ ನಾಂದಿಯಲ್ಲಿ ಒಂದು ವಾರಕ್ಕೆ ರೂಮು ಹಿಡಿದು, ಸುವಾದ ಜಾತ್ರೆಗೆ "ಸಂಜೆ ಹೋಗಿ ರಾತ್ರಿ ಬರೋಣ" ಅಂದುಕೊಂಡಿದ್ದೆ. ಹೋದೆ. ಬರಲಿಲ್ಲ. ನಾಂದಿಯಲ್ಲಿ ದುಡ್ಡು ಕೊಟ್ಟ ಹಾಸಿಗೆ ಖಾಲಿ ಬಿದ್ದಿತ್ತು, ನಾನು ಸುವಾದಲ್ಲಿ ಇನ್ನೊಂದು ಹಾಸಿಗೆಗೆ ದುಡ್ಡು ಕೊಟ್ಟು ಮಲಗಿದ್ದೆ. ಜಾತ್ರೆ ಯಾವ ಊರಲ್ಲೋ ರೂಮು ಆ ಊರಲ್ಲೇ ಇರಲಿ, ಅಷ್ಟೇ.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಮುಂಚೆ ವೀಸಾ ಮಾಡಿಸುವ ರಗಳೆ ಇಲ್ಲ, ಇಳಿದ ಮೇಲೆ ನಾಲ್ಕು ತಿಂಗಳ ವಿಸಿಟರ್ ಪರ್ಮಿಟ್ ಕೊಡುತ್ತಾರೆ. ವಾಪಸ್ ಟಿಕೆಟ್ ಕೈಯಲ್ಲಿರಬೇಕು. ಆದರೆ ಆಸ್ಟ್ರೇಲಿಯಾ ಮೂಲಕ ಹೋಗುವ ಅಗ್ಗದ ಟಿಕೆಟ್ ನೋಡಿ ಹಿಗ್ಗಬೇಡಿ, ಅಲ್ಲಿ ವಿಮಾನ ಬದಲಿಸುವುದಕ್ಕೂ ಟ್ರಾನ್ಸಿಟ್ ವೀಸಾ ಕೇಳುತ್ತಾರೆ. ಸಿಂಗಾಪುರದ ದಾರಿ ಸಲೀಸು. ಗಡಿಯಾರ ನಮಗಿಂತ ಆರೂವರೆ ಗಂಟೆ ಮುಂದೆ. ಉಪ್ಪಿನಕಾಯಿ, ಚಟ್ನಿಪುಡಿ, ಬೀಜ, ಒಣಗಿದ ಎಲೆ ಏನೇ ಇದ್ದರೂ ಇಳಿದಾಗ ತುಂಬುವ ಕಾರ್ಡಿನಲ್ಲಿ ಬರೆದುಬಿಡಿ. ದ್ವೀಪದವರಿಗೆ ಹೊರಗಿನ ಹುಳು, ಬೀಜ ಅಂದರೆ ಭಾರೀ ಭಯ.

ಹೆಸರು ಸರಿಯಾಗಿ ಹೇಳೋದು ಕಲಿತುಕೊಳ್ಳಿ

ಇದು ಕನ್ನಡದವರಿಗೆ ಸುಲಭ, ಖುಷಿಯೂ ಕೊಡುತ್ತದೆ. ಬೋರ್ಡಿನಲ್ಲಿ 'ನಾಡಿ' ಅಂತ ಓದಬಹುದಾದ ಊರನ್ನು ಅಲ್ಲಿನವರು 'ನಾಂದಿ' ಅನ್ನುತ್ತಾರೆ. ಪ್ರವಾಸದ ನಾಂದಿ ನಾಂದಿಯಲ್ಲೇ ಆಗುತ್ತದೆ, ಮರೆಯುವ ಹಾಗೇ ಇಲ್ಲ. ಇಂಗ್ಲಿಷ್ ಅಕ್ಷರ 'ಡಿ' ಕಂಡಲ್ಲಿ ಹಿಂದೆ ಒಂದು ಸೊನ್ನೆ ಸೇರಿಸಿಕೊಳ್ಳಿ, 'ಕ್ಯೂ', 'ಜಿ' ಕಂಡಲ್ಲಿ 'ಂಗ' ಅನ್ನಿ, 'ಸಿ' ಕಂಡಲ್ಲಿ ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಮೆತ್ತಗೆ 'ದ' ಅನ್ನಿ. ಹಾಗಾಗಿ ಮಮನುಕಾ ಅಂತ ಕಾಣುವ ದ್ವೀಪಗಳು ಮಮನುದಾ. 'ಬೆಕಾ' ಅಂತ ಓದಿಬಿಡುವ ದ್ವೀಪ ಬೆಂಗಾ. 'ಸಿಗಟೋಕಾ' ಅನ್ನಿಸುವ ಊರು ಸಿಂಗಾತೋಕಾ. ವಾಯವ್ಯದಲ್ಲಿ 'ಬಾ' ಅಂತ ಒಂದು ಊರಿದೆ. ಇಡೀ ದೇಶದಲ್ಲಿ ಫುಟ್‌ಬಾಲ್ ಹುಚ್ಚು ಅತಿ ಜಾಸ್ತಿ ಇರುವ ಊರು ಅದು. ಹೆಸರೇ ಕರೆದ ಹಾಗಿದೆ, ಅಲ್ವಾ?

ಎಲ್ಲದಕ್ಕೂ 'ಬುಲಾ'. ನಮಸ್ಕಾರಕ್ಕೂ ಅದೇ, ಕುಡಿಯುವ ಮುಂಚೆಯೂ ಅದೇ. ಥ್ಯಾಂಕ್ಸ್ ಅನ್ನುವುದಕ್ಕೆ 'ವಿನಾಕಾ'.

ವರ್ಷದ ಮೊದಲ ತಿಂಗಳುಗಳು: ಸೆಕೆ, ಮಳೆ, ಸೆವೆನ್ಸ್

ನವೆಂಬರಿನಿಂದ ಏಪ್ರಿಲ್ ತನಕ ಮಳೆಗಾಲ, ಚಂಡಮಾರುತದ ಕಾಲವೂ ಅದೇ. 2016ರ ಫೆಬ್ರವರಿಯಲ್ಲಿ ಬಂದ ವಿನ್ಸ್ಟನ್ ಚಂಡಮಾರುತ 44 ಜನರನ್ನು ಬಲಿ ತೆಗೆದುಕೊಂಡಿತ್ತು. ಹಾಗಾಗಿ ಈ ತಿಂಗಳುಗಳಲ್ಲಿ ಹೋಗುವವರು ವಿಮಾನದ ದಿನಾಂಕ ಬದಲಿಸಬಹುದಾದ ಟಿಕೆಟನ್ನೇ ತಗೊಳ್ಳಿ, ಇನ್ಶೂರೆನ್ಸ್ ಮಾಡಿಸಿ.

ಇಷ್ಟೆಲ್ಲ ಹೆದರಿಸಿ ಯಾಕೆ ಹೋಗಿ ಅನ್ನುತ್ತೇನೆ ಅಂದರೆ, ಸೆವೆನ್ಸ್ ರಗ್ಬಿಯ ಕಾಲ ಇದೇ. ಜನವರಿಯಲ್ಲಿ ಸಿಂಗಾತೋಕಾದ ಲವಂಗಾ ಪಾರ್ಕಿನಲ್ಲಿ ಕೋರಲ್ ಕೋಸ್ಟ್ ಸೆವೆನ್ಸ್. ಮಾರ್ಚಿನ ಹೊತ್ತಿಗೆ ಸುವಾದಲ್ಲಿ ಮಾರಿಸ್ಟ್ ಸೆವೆನ್ಸ್, 1977ರಿಂದ ನಡೆದುಕೊಂಡು ಬಂದಿದೆ. ಇವೆರಡರ ನಡುವೆ ಹಳ್ಳಿ ಹಳ್ಳಿಯಲ್ಲಿ ಸಣ್ಣ ಪಂದ್ಯಾವಳಿಗಳು. ನಮ್ಮಲ್ಲಿ ಬೇಸಿಗೆ ರಜೆಯ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟ್ ಇರುತ್ತದಲ್ಲ, ಹಾಗೆ. ವ್ಯತ್ಯಾಸ ಇಷ್ಟೇ, ಅಲ್ಲಿ ಬರಿಗಾಲಲ್ಲಿ ಆಡುವ ಹುಡುಗ ಮುಂದೆ ಒಲಿಂಪಿಕ್ಸಿನಲ್ಲಿ ಕಂಡರೂ ಯಾರೂ ಆಶ್ಚರ್ಯಪಡುವುದಿಲ್ಲ.

ರಗ್ಬಿ ಗೊತ್ತಿಲ್ಲದಿದ್ದರೆ ಹೆದರಬೇಡಿ, ಸೆವೆನ್ಸ್ ಐದು ನಿಮಿಷದಲ್ಲಿ ಅರ್ಥವಾಗುವ ಆಟ. ಕಡೆಗೆ ಏಳು ಜನ. ಏಳು ನಿಮಿಷದ ಎರಡು ಅವಧಿ. ಚೆಂಡನ್ನು ಕೈಯಿಂದ ಹಿಂದಕ್ಕೇ ಎಸೆಯಬೇಕು, ಮುಂದಕ್ಕೆ ಎಸೆದರೆ ತಪ್ಪು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, ಐದು ಪಾಯಿಂಟ್. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೆರಡು. ಹದಿನೈದು ಜನ ಆಡುವಷ್ಟೇ ದೊಡ್ಡ ಮೈದಾನದಲ್ಲಿ ಏಳೇ ಜನ ಇರುವುದರಿಂದ ಜಾಗ ಬೇಕಾದಷ್ಟು, ಓಟ ಜಾಸ್ತಿ, ಸ್ಕೋರೂ ಜಾಸ್ತಿ. ಒಂದು ಮ್ಯಾಚು ಕಾಲು ಗಂಟೆ ಚಿಲ್ಲರೆಗೆ ಮುಗಿಯುತ್ತದೆ, ತಕ್ಷಣ ಇನ್ನೊಂದು ಶುರು. ಬೆಳಗ್ಗೆ ಕೂತರೆ ಸಂಜೆಯವರೆಗೆ ಇದೇ.

ಈ ಆಟ ಆ ದೇಶಕ್ಕೆ ಏನು ಅಂತ ತಿಳಿಯಬೇಕಾದರೆ ಒಂದು ನೋಟು ಹುಡುಕಿ. 2016ರಲ್ಲಿ ರಿಯೋದಲ್ಲಿ ಫಿಜಿ ಫೈನಲ್‌ನಲ್ಲಿ ಬ್ರಿಟನ್ನನ್ನು 43-7ರಿಂದ ಸೋಲಿಸಿ ಚಿನ್ನ ಗೆದ್ದಿತು. ಒಂಬತ್ತು ಲಕ್ಷ ಜನರ ದೇಶಕ್ಕೆ ಅದು ಮೊಟ್ಟಮೊದಲ ಒಲಿಂಪಿಕ್ ಪದಕ. ಮಾರನೇ ವರ್ಷ ಅವರು ಏಳು ಡಾಲರಿನ ನೋಟು ಅಚ್ಚು ಹಾಕಿದರು. ಏಳು! ಏಳು ಜನರ ತಂಡ, ಏಳು ಡಾಲರ್. ಚಿಲ್ಲರೆ ಲೆಕ್ಕಕ್ಕೆ ಎಡವಟ್ಟು, ಆದರೆ ಅಭಿಮಾನಕ್ಕೆ ಲೆಕ್ಕ ಎಲ್ಲಿದೆ. ಟೋಕಿಯೋದಲ್ಲಿ ಮತ್ತೆ ಚಿನ್ನ, ಪ್ಯಾರಿಸ್ಸಿನಲ್ಲಿ ಬೆಳ್ಳಿ.

ಸೆವೆನ್ಸ್ ಸಿಗದಿದ್ದರೆ ಫಿಜಿಯನ್ ದ್ರುವಾ ತಂಡದ ಪಂದ್ಯ ನೋಡಿ. 2022ರಿಂದ ಸೂಪರ್ ರಗ್ಬಿಯಲ್ಲಿ ಆಡುತ್ತಿದ್ದಾರೆ, ತವರಿನ ಪಂದ್ಯಗಳು ಸುವಾ ಮತ್ತು ಲೌಟೋಕಾದಲ್ಲಿ. ನ್ಯೂಜಿಲೆಂಡ್, ಆಸ್ಟ್ರೇಲಿಯಾದ ದೊಡ್ಡ ತಂಡಗಳು ಇಲ್ಲಿನ ಮಧ್ಯಾಹ್ನದ ಬಿಸಿಲಿನಲ್ಲಿ ಏದುಸಿರು ಬಿಡುವುದನ್ನು ನೋಡುವುದೇ ಒಂದು ಮಜಾ.

ಶಾಲಾ ಮಕ್ಕಳ ಓಟ, ಕಳೆದುಕೊಳ್ಳಬೇಡಿ

ಇದನ್ನು ಯಾವ ಟೂರಿಸ್ಟ್ ಪುಸ್ತಕವೂ ಜೋರಾಗಿ ಹೇಳುವುದಿಲ್ಲ. ಪ್ರತಿ ವರ್ಷ ಸುವಾದಲ್ಲಿ ಇಡೀ ದೇಶದ ಹೈಸ್ಕೂಲುಗಳ ಅಥ್ಲೆಟಿಕ್ಸ್ ನಡೆಯುತ್ತದೆ. ಜನ ಹಳೇ ಅಭ್ಯಾಸಕ್ಕೆ 'ಕೋಕ್ ಗೇಮ್ಸ್' ಅನ್ನುತ್ತಾರೆ, ಈಗಿನ ಹೆಸರು ಫಿಜಿ ಫೈನಲ್ಸ್. ದೂರದ ದ್ವೀಪಗಳಿಂದ ಹಡಗಿನಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಬರುವ ಮಕ್ಕಳಿರುತ್ತಾರೆ. ಓಟ ಒಂದು ಕಡೆ ಇರಲಿ, ಸ್ಟ್ಯಾಂಡಿನಲ್ಲಿ ಒಂದೊಂದು ಶಾಲೆಯ ಮಕ್ಕಳು ತಮ್ಮ ಬಣ್ಣ ತೊಟ್ಟು ಮೂರು ನಾಲ್ಕು ದನಿಯಲ್ಲಿ ಒಟ್ಟಿಗೆ ಹಾಡುವುದನ್ನು ಕೇಳಿ. ಚರ್ಚಿನ ಕೋರಸ್ಸಿನಲ್ಲಿ ಬೆಳೆದ ಗಂಟಲು. ಹುಡುಗರಲ್ಲಿ ಸುವಾದ ಮಾರಿಸ್ಟ್ ಬ್ರದರ್ಸ್, ಹುಡುಗಿಯರಲ್ಲಿ ಅದಿ ದಕೊಂಬಾವು ಶಾಲೆ, ಇವೆರಡರ ಹೆಸರು ಪದೇ ಪದೇ ಕೇಳುತ್ತೀರಿ. ಹಳೇ ವಿದ್ಯಾರ್ಥಿಗಳು, ಐವತ್ತು ದಾಟಿದವರೂ, ರಜೆ ಹಾಕಿ ಬಂದು ಕಿರುಚುತ್ತಾರೆ. ಒಂದು ಶಾಲೆ ಆರಿಸಿಕೊಂಡು ಅದರ ಬಣ್ಣದ ರಿಬ್ಬನ್ ಕಟ್ಟಿಕೊಂಡು ಕೂತುಬಿಡಿ. ಪಕ್ಕದವರು ತಾವಾಗಿಯೇ ಮಾತಾಡಿಸುತ್ತಾರೆ.

ಇದು ಸಾಮಾನ್ಯವಾಗಿ ವರ್ಷದ ಮೊದಲ ಟರ್ಮ್ ಮುಗಿಯುವ ಹೊತ್ತಿಗೆ ಬರುತ್ತದೆ. ದಿನಾಂಕ ಕದಲುತ್ತದೆ, ನೋಡಿಕೊಂಡೇ ಟಿಕೆಟ್ ಮಾಡಿ.

ನಮಗೆ ಹತ್ತಿರದ ಹಬ್ಬಗಳು

ಫಿಜಿಯ ಜನಸಂಖ್ಯೆಯಲ್ಲಿ ಸುಮಾರು ಮೂರನೇ ಒಂದು ಭಾಗ ಭಾರತೀಯ ಮೂಲದವರು. 1879ರ ಮೇ 14ರಂದು ಲಿಯೊನಿದಾಸ್ ಅನ್ನುವ ಹಡಗು ಮೊದಲ ಕೂಲಿಗಳನ್ನು ತಂದಿತು, 1916ರಲ್ಲಿ ಕೊನೆಯ ಹಡಗು ಬಂತು, ನಡುವೆ ಅರವತ್ತು ಸಾವಿರಕ್ಕೂ ಹೆಚ್ಚು ಜನ ಕಬ್ಬಿನ ಗದ್ದೆಗೆ ಬಂದಿಳಿದರು. ಅವರು ಹೆಬ್ಬೆಟ್ಟು ಒತ್ತಿದ 'ಅಗ್ರಿಮೆಂಟ್' ಬಾಯಿಂದ ಬಾಯಿಗೆ ಬಂದು 'ಗಿರ್ಮಿಟ್' ಆಯಿತು. ಮಂಡಕ್ಕಿ ಗಿರ್ಮಿಟ್ ನೆನಪಾದರೆ ನಿಮ್ಮ ತಪ್ಪಲ್ಲ, ಆದರೆ ಅಲ್ಲಿ ಆ ಪದ ಹೇಳುವಾಗ ನಗಬೇಡಿ. ಅದರ ಹಿಂದೆ ಚಾಟಿ ಏಟಿದೆ, ಕೂಲಿ ಲೈನಿನ ಕತ್ತಲೆಯಿದೆ. 2023ರಿಂದ ಮೇ ತಿಂಗಳಲ್ಲಿ ಗಿರ್ಮಿಟ್ ದಿನಕ್ಕೆ ಸರ್ಕಾರಿ ರಜೆ ಕೊಡುತ್ತಿದ್ದಾರೆ.

1903ರಿಂದ ಮದ್ರಾಸಿನ ಹಡಗುಗಳೂ ಹೊರಟವು, ತೆಂಕಣದ ಅಮ್ಮನೂ ಜತೆಗೆ ಹೋದಳು. ಸುವಾದ ಹೋವೆಲ್ ರೋಡಿನಲ್ಲಿ ಮಾರಿಯಮ್ಮನ ಗುಡಿ ಇದೆ. ಜುಲೈ ಅಥವಾ ಆಗಸ್ಟಿನಲ್ಲಿ ಅಲ್ಲಿ ಕೊಂಡ ಹಾಯುತ್ತಾರೆ. ಹರಕೆ ಹೊತ್ತವರು ಹತ್ತು ದಿನದ ತನಕ ವ್ರತ ಹಿಡಿದು, ಮಾಂಸ ಬಿಟ್ಟು, ಗುಡಿಯಲ್ಲೇ ಇರುತ್ತಾರೆ. ಕೊನೆಯ ದಿನ ಸುವಾ ಪಾಯಿಂಟಿನಲ್ಲಿ ಸಮುದ್ರ ಸ್ನಾನ. ಅರಿಶಿನ ಬಳಿದುಕೊಂಡು, ಕೆಲವರು ಕೆನ್ನೆಗೆ ನಾಲಿಗೆಗೆ ಶೂಲ ಚುಚ್ಚಿಕೊಂಡು, ಅಲ್ಲಿಂದ ಗುಡಿಯ ತನಕ ನಡೆದು ಬಂದು ಕೆಂಡದ ಮೇಲೆ ಹೆಜ್ಜೆ ಹಾಕುತ್ತಾರೆ. ಹಳೇ ಮೈಸೂರು ಕಡೆಯ ಊರಹಬ್ಬ ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣದು. ಸುತ್ತ ನಿಂತು ನೋಡುವ ಫಿಜಿಯನ್ನರು, ಅಂದರೆ ಅಲ್ಲಿನ ಮೂಲನಿವಾಸಿಗಳು, ಹಿಂದೆ ಪೆಸಿಫಿಕ್ ಸಮುದ್ರ, ತಮಟೆಯ ಸದ್ದು, ಇದು ಮಾತ್ರ ಇನ್ನೆಲ್ಲೂ ಸಿಗದು. ಚಪ್ಪಲಿ ಹೊರಗೆ, ಮಾಂಸ ತಿಂದು ಬರಬೇಡಿ, ಫೋಟೋಗೆ ಕೇಳಿಯೇ ಮೊಬೈಲ್ ಎತ್ತಿ.

ಇದಕ್ಕೆ ಜೋಡಿಯಾಗಿ ಇನ್ನೊಂದು ನೋಡಲೇಬೇಕು. ಬೆಂಗಾ ದ್ವೀಪದ ಸವಾವು ಜನ ಕೆಂಡದ ಮೇಲಲ್ಲ, ಕಾದ ಕಲ್ಲಿನ ಮೇಲೆ ನಡೆಯುತ್ತಾರೆ. ಇವರಿಗೂ ನಮ್ಮ ಕೊಂಡಕ್ಕೂ ಸಂಬಂಧ ಇಲ್ಲ, ಎರಡೂ ಬೇರೆ ಬೇರೆ ಕಡೆ ಹುಟ್ಟಿ ಒಂದೇ ದೇಶದಲ್ಲಿ ಬಂದು ಸೇರಿವೆ. ಅವರ ಕತೆ ಹೀಗಿದೆ: ತುಯಿ ಂಗಲಿತಾ ಅನ್ನುವ ಒಬ್ಬ ಹಳ್ಳದಲ್ಲಿ ಹಾವುಮೀನು ಹಿಡಿಯಲು ಕೈ ಹಾಕಿದ. ಸಿಕ್ಕಿದ್ದು ಮೀನಲ್ಲ, ದೈವ. ಬಿಟ್ಟುಬಿಡು, ಬೆಂಕಿ ನಿನ್ನನ್ನು ಸುಡದ ಹಾಗೆ ವರ ಕೊಡುತ್ತೇನೆ ಅಂತು. ಅವನು ಬಿಟ್ಟ. ಆ ವರ ಇಂದಿಗೂ ಅವನ ಕುಲದವರಿಗೆ ನಡೆಯುತ್ತದೆ ಅನ್ನುತ್ತಾರೆ. ಇದನ್ನು ಸಿಂಗಾತೋಕಾ ಸುತ್ತಿನ ಕರಾವಳಿಯಾದ ಕೋರಲ್ ಕೋಸ್ಟಿನ ಹೋಟೆಲುಗಳಲ್ಲಿ ವರ್ಷವಿಡೀ ತೋರಿಸುತ್ತಾರೆ, ಹಬ್ಬಕ್ಕೆ ಕಾಯಬೇಕಾಗಿಲ್ಲ. ಹೋಟೆಲಿನ ಪ್ರದರ್ಶನ ಅಂತ ಮೂಗು ಮುರಿಯಬೇಡಿ, ನಡೆಯುವವರು ಅದೇ ಕುಲದವರು.

ಹೋಳಿಗೆ ಅಲ್ಲಿ 'ಫಗುವಾ' ಅನ್ನುತ್ತಾರೆ, ಬಣ್ಣಕ್ಕಿಂತ ಹಾಡು ಮುಖ್ಯ. ಡೋಲಕ್ ಇಟ್ಟುಕೊಂಡು ಎರಡು ಸಾಲಾಗಿ ಎದುರುಬದುರು ಕೂತು ಚೌತಾಲ್ ಹಾಡುತ್ತಾ ಮನೆ ಮನೆಗೆ ಹೋಗುತ್ತಾರೆ. ಈಸ್ಟರ್ ರಜೆಯಲ್ಲಿ ತೆನ್ ಇಂಡಿಯಾ ಸಂಗಮದ ಸಮ್ಮೇಳನ, 1926ರಲ್ಲಿ ಶುರುವಾದ ದಕ್ಷಿಣ ಭಾರತೀಯರ ಸಂಘ ಅದು. ಸಮ್ಮೇಳನ ಅಂದರೆ ಭಾಷಣ ಅಂದುಕೊಳ್ಳಬೇಡಿ, ಫುಟ್‌ಬಾಲ್ ಟೂರ್ನಮೆಂಟೇ ಅದರ ಜೀವ.

ಜುಲೈ, ಆಗಸ್ಟ್, ಸೆಪ್ಟೆಂಬರ್: ಊರಿಗೊಂದು ಜಾತ್ರೆ

ಮಳೆ ಕಮ್ಮಿ, ಗಾಳಿ ತಂಪು, ಕಬ್ಬು ಅರೆಯುವ ಕಾಲ. ಜುಲೈಯಲ್ಲಿ ನಾಂದಿಯ ಬುಲಾ ಫೆಸ್ಟಿವಲ್. ಆಗಸ್ಟಿನಲ್ಲಿ ಸುವಾದ ಹೈಬಿಸ್ಕಸ್ ಫೆಸ್ಟಿವಲ್, ದಾಸವಾಳದ ಜಾತ್ರೆ ಅನ್ನೋಣ. ಸೆಪ್ಟೆಂಬರಿನಲ್ಲಿ ಸಕ್ಕರೆ ಕಾರ್ಖಾನೆಯ ಊರಾದ ಲೌಟೋಕಾದಲ್ಲಿ ಶುಗರ್ ಫೆಸ್ಟಿವಲ್. ಮೂರೂ ಮೂಲದಲ್ಲಿ ಒಂದೇ ತರ. ತೊಟ್ಟಿಲು, ತಿಂಡಿ ಅಂಗಡಿ, ಅಲಂಕರಿಸಿದ ಲಾರಿಗಳ ಮೆರವಣಿಗೆ, ರಾತ್ರಿ ಹಾಡು ಕುಣಿತ, ಮತ್ತೆ ರಾಣಿ ಸ್ಪರ್ಧೆ. ಸ್ಪರ್ಧೆಗೆ ನಿಂತ ಹುಡುಗಿಯರು ಬರೀ ನಡೆದು ತೋರಿಸುವುದಲ್ಲ, ಒಳ್ಳೆಯ ಕೆಲಸಕ್ಕೆ ಹಣವನ್ನೂ ಸೇರಿಸಬೇಕು.

ಒಂದೇ ನೋಡುವುದಾದರೆ ಹೈಬಿಸ್ಕಸ್ ನೋಡಿ. 1956ರಿಂದ ಇದೆ, ಶಾಲೆಗೆ ರಜೆ ಇರುವಾಗ ಬರುತ್ತದೆ, ಸುವಾದ ಅರ್ಧ ಜನ ಅಲ್ಲೇ ಇದ್ದ ಹಾಗೆ ಕಾಣುತ್ತದೆ. ಮೊದಲ ದಿನದ ಮೆರವಣಿಗೆಗೆ ಬೇಗ ಹೋಗಿ ನೆರಳಿನ ಕಡೆ ಜಾಗ ಹಿಡಿಯಿರಿ. ಸುವಾದಲ್ಲಿ ಒಣಗಾಲದಲ್ಲೂ ಮಳೆ ಬರುತ್ತದೆ, ಕೊಡೆ ಇರಲಿ. ಆಲ್ಬರ್ಟ್ ಪಾರ್ಕ್ ಮೈದಾನದಲ್ಲಿ ಸುಮ್ನೆ ಒಂದು ಸುತ್ತು ಹಾಕಿ. 1928ರಲ್ಲಿ ಆಸ್ಟ್ರೇಲಿಯಾದ ಪೈಲಟ್ ಕಿಂಗ್ಸ್‌ಫರ್ಡ್ ಸ್ಮಿತ್ ಹವಾಯಿಯಿಂದ 34 ಗಂಟೆಗೂ ಹೆಚ್ಚು ಹಾರಿ ಬಂದು ವಿಮಾನ ಇಳಿಸಿದ್ದು ಈ ಮೈದಾನದಲ್ಲೇ. ಅವನಿಗಾಗಿ ಮರಗಳನ್ನು ಕಡಿದಿದ್ದರಂತೆ. ಪಾರ್ಕಿನ ಅಳತೆ ನೋಡಿದರೆ ಎದೆ ಝಲ್ಲೆನ್ನುತ್ತದೆ.

ಅಲೆ ಸವಾರಿಯ ಹುಚ್ಚಿದ್ದವರಿಗೆ ಕ್ಲೌಡ್‌ಬ್ರೇಕ್ ಹೆಸರು ಗೊತ್ತೇ ಇರುತ್ತದೆ. ತವರುವಾ ದ್ವೀಪದ ಹತ್ತಿರ ಬಂಡೆಯ ಮೇಲೆ ಒಡೆಯುವ ಅಲೆ ಅದು, 2025ರಲ್ಲಿ ವಿಶ್ವ ಸರ್ಫ್ ಲೀಗಿನ ಫೈನಲ್ಸ್ ಅಲ್ಲೇ ನಡೆಯಿತು. ದಡದಿಂದ ಏನೂ ಕಾಣಿಸದು, ದೋಣಿ ಮಾಡಿಕೊಂಡು ಹೋಗಬೇಕು, ಹೊಟ್ಟೆ ಗಟ್ಟಿ ಇರಬೇಕು.

ಒಂದೇ ಸಲ ಹೋಗುವುದಾದರೆ ಅಕ್ಟೋಬರ್

ಯಾರಾದರೂ ಒಂದೇ ತಿಂಗಳು ಹೇಳು ಅಂದರೆ ನಾನು ಅಕ್ಟೋಬರ್ ಅನ್ನುತ್ತೇನೆ. ಒಣಗಾಲದ ಬಾಲ ಇನ್ನೂ ಉಳಿದಿರುತ್ತದೆ, ನೋಡುವುದಕ್ಕೆ ತುಂಬಾ ಇರುತ್ತದೆ.

ಅಕ್ಟೋಬರ್ 10 ಫಿಜಿ ದಿನ. 1874ರ ಅದೇ ದಿನ ಹಳೇ ರಾಜಧಾನಿ ಲೆವುಕಾದಲ್ಲಿ ದ್ವೀಪಗಳನ್ನು ಬ್ರಿಟಿಷರಿಗೆ ಬರೆದುಕೊಟ್ಟರು, 1970ರ ಅದೇ ದಿನ ಸ್ವಾತಂತ್ರ್ಯ ಪಡೆದರು. ಕೊಟ್ಟ ದಿನವೇ ವಾಪಸ್ ಪಡೆದದ್ದು. ಎಲ್ಲೆಲ್ಲೂ ತಿಳಿನೀಲಿ ಬಟ್ಟೆ. ನೀವೂ ಒಂದು ತಿಳಿನೀಲಿ ಶರ್ಟು ಇಟ್ಟುಕೊಂಡು ಹೋಗಿ, ಆ ದಿನ ಅಪರಿಚಿತರೂ ನಿಮ್ಮನ್ನು ಬಿಡುವುದಿಲ್ಲ. ಪರೇಡಿನಲ್ಲಿ ಅಂಚನ್ನು ಗರಗಸದ ಹಾಗೆ ಕತ್ತರಿಸಿದ ಬಿಳಿ ಸುಲು ಉಟ್ಟ ಪೊಲೀಸರನ್ನು ನೋಡಿ, ಪಂಚೆ ಉಟ್ಟು ಡ್ಯೂಟಿ ಮಾಡುವ ಭಾಗ್ಯ ಎಷ್ಟು ದೇಶಗಳಲ್ಲಿದೆ.

ಅದೇ ಹೊತ್ತಿಗೆ ಐಡಿಸಿ, ಅಂದರೆ ಜಿಲ್ಲೆಗಳ ನಡುವಿನ ಫುಟ್‌ಬಾಲ್. 1938ರಲ್ಲಿ ಭಾರತೀಯರ ಫುಟ್‌ಬಾಲ್ ಸಂಘವೇ ಇದನ್ನು ಶುರು ಮಾಡಿದ್ದು, ಅರವತ್ತರ ದಶಕದಲ್ಲಿ ಎಲ್ಲರಿಗೂ ತೆರೆಯಿತು. ರಗ್ಬಿ ಫಿಜಿಯನ್ನರದ್ದು, ಫುಟ್‌ಬಾಲ್ ಭಾರತೀಯರದ್ದು ಅಂತ ಹೊರಗಿನವರು ಗೆರೆ ಎಳೆಯುತ್ತಾರೆ. ಮೈದಾನದಲ್ಲಿ ಕೂತರೆ ಆ ಗೆರೆ ಅಷ್ಟು ನೇರವಾಗಿಲ್ಲ ಅಂತ ಗೊತ್ತಾಗುತ್ತದೆ, ಆಡುವವರಲ್ಲಿ ಜಾಸ್ತಿ ಫಿಜಿಯನ್ನರೇ. ಕಪ್ಪು ಬಟ್ಟೆಯ ಬಾ ತಂಡ ಆಡುವ ದಿನ ಹೋಗಿ. ಆ ಊರಿನಿಂದ ಬಸ್ಸು ಬಸ್ಸು ಜನ ಬಂದಿರುತ್ತಾರೆ. ನಡೆಯುವ ಊರು ವರ್ಷ ವರ್ಷ ಬದಲಾಗುತ್ತದೆ, ಕೆಲವೊಮ್ಮೆ ಬೇರೆ ದ್ವೀಪದ ಲಂಬಾಸಾಗೂ ಹೋಗುತ್ತದೆ. ರೂಮಿಗೆ ದುಡ್ಡು ಕಟ್ಟುವ ಮುಂಚೆ ಅದನ್ನು ನೋಡಿ.

ದೀಪಾವಳಿ ಅಕ್ಟೋಬರಿನ ಕೊನೆಗೋ ನವೆಂಬರಿನ ಮೊದಲಿಗೋ ಬೀಳುತ್ತದೆ, ದೇಶಕ್ಕೆಲ್ಲ ರಜೆ. ಹಿಂದಿನ ದಿನ ಆಫೀಸು, ಬ್ಯಾಂಕು, ಅಂಗಡಿಗಳಲ್ಲಿ ಫಿಜಿಯನ್ ಹೆಂಗಸರೂ ಸೀರೆ ಉಟ್ಟು, ಬಿಂದಿ ಇಟ್ಟು ಕೂತಿರುತ್ತಾರೆ. ರಾತ್ರಿ ಜನ ಕಾರಿನಲ್ಲಿ ಮೆಲ್ಲಗೆ ಬೀದಿ ಬೀದಿ ಸುತ್ತಿ ಮನೆಗಳ ದೀಪ ನೋಡುತ್ತಾರೆ. ನೀವೂ ಟ್ಯಾಕ್ಸಿಯವನಿಗೆ "ದೀಪ ನೋಡಬೇಕು" ಅನ್ನಿ ಸಾಕು. ಗುರುತಿದ್ದವರ ಮನೆಗೆ ಕರೆದರೆ ಹೋಗಿ, ತಟ್ಟೆಯಲ್ಲಿ 'ಲಕಡಿ ಮಿಠಾಯಿ' ಬರುತ್ತದೆ, ಕಡ್ಡಿಯ ಹಾಗಿರುವ ಸಕ್ಕರೆ ಹಚ್ಚಿದ ಸಿಹಿ. ಹಲ್ಲು ಜೋಪಾನ.

ಇನ್ನೊಂದು ವಿಚಿತ್ರ ಇದೆ. ಅಕ್ಟೋಬರ್, ನವೆಂಬರಿನಲ್ಲಿ ಹುಣ್ಣಿಮೆ ಕಳೆದು ಚಂದ್ರ ಕರಗುವ ಹೊತ್ತಿಗೆ, ಒಂದೆರಡು ಬೆಳಗಿನ ಜಾವ ಮಾತ್ರ, ಹವಳದ ಬಂಡೆಗಳಿಂದ ಬಲೋಲೋ ಅನ್ನುವ ಹುಳುಗಳ ತುಣುಕು ಸಮುದ್ರದ ಮೇಲೆ ರಾಶಿ ರಾಶಿ ಏಳುತ್ತದೆ. ಜನ ದೀಪ ಹಿಡಿದು ಬಲೆ, ಬಕೆಟ್ಟಿನಲ್ಲಿ ಬಾಚುತ್ತಾರೆ. ಹಳೇ ಫಿಜಿ ಪಂಚಾಂಗದಲ್ಲಿ ಎರಡು ತಿಂಗಳಿಗೆ ಇದರದ್ದೇ ಹೆಸರು, ಸಣ್ಣ ಬಲೋಲೋ, ದೊಡ್ಡ ಬಲೋಲೋ. ಸೂರ್ಯ ಬಂದ ಮೇಲೆ ಎಲ್ಲ ಕರಗಿಹೋಗುತ್ತದೆ. ಕರಾವಳಿ ಹಳ್ಳಿಯಲ್ಲಿ ಉಳಿದುಕೊಂಡವರಿಗೆ ಮಾತ್ರ ದಕ್ಕುವ ನೋಟ.

ಮೈದಾನದಲ್ಲಿ, ಜಾತ್ರೆಯಲ್ಲಿ

ಟೋಪಿ, ನೀರು, ಸನ್‌ಸ್ಕ್ರೀನ್. ಮುಚ್ಚಿದ ಸ್ಟ್ಯಾಂಡು ಬೇಕಾದರೆ ಮುಂಚೆಯೇ ಟಿಕೆಟ್ ತಗೊಳ್ಳಿ, ಆದರೆ ಮಜಾ ಇರುವುದು ಹುಲ್ಲಿನ ದಿಬ್ಬದ ಮೇಲೆ. ಅಲ್ಲಿ ಚಾಪೆ ಹಾಸಿಕೊಂಡು ಇಡೀ ಸಂಸಾರ ಕೂತಿರುತ್ತದೆ, ರೆಫ್ರಿಗೆ ಬೈಯುವುದರಲ್ಲಿ ಅಜ್ಜಿಯರೇ ಮುಂದು. ಭಾನುವಾರಕ್ಕೆ ಏನೂ ಇಟ್ಟುಕೊಳ್ಳಬೇಡಿ. ಚರ್ಚಿನ ದಿನ, ಹೆಚ್ಚಿನ ಅಂಗಡಿ ಬಾಗಿಲು ಹಾಕಿರುತ್ತದೆ.

ಊಟಕ್ಕೆ ಮಾಂಸ ತಿನ್ನುವವರಿಗೆ ತೊಂದರೆ ಇಲ್ಲ, ಬಾರ್ಬೆಕ್ಯೂ ತಟ್ಟೆ ಎಲ್ಲ ಕಡೆ ಸಿಗುತ್ತದೆ, ಜತೆಗೆ ಬೇಯಿಸಿದ ಮರಗೆಣಸು. ಸಸ್ಯಾಹಾರಿಗಳು ರೊಟ್ಟಿ ಪಾರ್ಸಲ್ ಕೇಳಿ, ಆಲೂ ಅಥವಾ ಬೀನ್ಸ್ ಪಲ್ಯ ಸುತ್ತಿ ಕೊಡುತ್ತಾರೆ. ಪಲುಸಾಮಿ ಅಂತ ಒಂದಿದೆ, ಕೆಸುವಿನ ಎಲೆಯಲ್ಲಿ ತೆಂಗಿನ ಹಾಲು ಸುತ್ತಿ ಬೇಯಿಸಿದ್ದು. ಪತ್ರೊಡೆ ಪ್ರಿಯರಿಗೆ ಬಾಯಲ್ಲಿ ನೀರು ಬರುತ್ತದೆ. ಆದರೆ ಒಳಗೆ ಡಬ್ಬಿಯ ದನದ ಮಾಂಸ ಹಾಕುವುದು ವಾಡಿಕೆ, ಕೇಳಿ ತಿನ್ನಿ. ದೊಡ್ಡ ಹಬ್ಬಕ್ಕೆ ಲೋವೋ ಹಾಕುತ್ತಾರೆ, ಗುಂಡಿ ತೋಡಿ ಕಲ್ಲು ಕಾಯಿಸಿ ಕೋಳಿ, ಮೀನು, ಗೆಡ್ಡೆ ಎಲ್ಲ ಎಲೆಯಲ್ಲಿ ಸುತ್ತಿ ಮಣ್ಣು ಮುಚ್ಚಿ ಬೇಯಿಸುವುದು.

ಹಳ್ಳಿಗೆ ಕರೆದರೆ

ಕರೆದೇ ಕರೆಯುತ್ತಾರೆ, ಅದರಲ್ಲೂ ಮ್ಯಾಚಿನಲ್ಲಿ ಪಕ್ಕ ಕೂತವರು. ಬರಿಗೈಯಲ್ಲಿ ಹೋಗಬೇಡಿ. ಸುವಾ ಮಾರ್ಕೆಟಿನ ಮಹಡಿಯಲ್ಲಿ ಯಂಗೋನಾ ಬೇರಿನ ಕಟ್ಟು ಸಿಗುತ್ತದೆ, ಅರ್ಧ ಕಿಲೋ ತಗೊಂಡು ಹೋಗಿ ಊರ ಹಿರಿಯರ ಮುಂದೆ ಇಡಿ. ಇದಕ್ಕೆ ಸೆವುಸೆವು ಅನ್ನುತ್ತಾರೆ, ನಮ್ಮ ವೀಳ್ಯ ಕೊಟ್ಟ ಹಾಗೆ. ಭುಜ, ಮೊಣಕಾಲು ಮುಚ್ಚಿರಲಿ. ಟೋಪಿ ತೆಗೆಯಿರಿ, ಕಪ್ಪು ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಓಡಾಡಬೇಡಿ. ಮಕ್ಕಳು ಎಷ್ಟೇ ಮುದ್ದಾಗಿದ್ದರೂ ತಲೆ ಸವರಬೇಡಿ, ಅಲ್ಲಿ ತಲೆ ಮುಟ್ಟುವುದು ಮರ್ಯಾದೆಯಲ್ಲ.

ಆ ಬೇರನ್ನು ಪುಡಿ ಮಾಡಿ ನೀರಿನಲ್ಲಿ ಹಿಂಡಿ ಮರದ ಬೋಗುಣಿಯಲ್ಲಿ ಇಡುತ್ತಾರೆ. ಹೊರಗಿನವರು ಕಾವಾ ಅನ್ನುತ್ತಾರೆ, ಊರಿನವರು ಗ್ರಾಗ್. ತೆಂಗಿನ ಚಿಪ್ಪಿನಲ್ಲಿ ನಿಮ್ಮ ಸರದಿ ಬಂದಾಗ ಒಂದು ಸಲ ಚಪ್ಪಾಳೆ, 'ಬುಲಾ' ಅನ್ನಿ, ಒಂದೇ ಗುಟುಕಿಗೆ ಕುಡಿಯಿರಿ, ಚಿಪ್ಪು ಕೊಟ್ಟು ಮೂರು ಚಪ್ಪಾಳೆ. ರುಚಿ ಕೆಸರು ನೀರಿಗೆ ಸ್ವಲ್ಪ ಮೆಣಸು ಹಾಕಿದ ಹಾಗೆ. ನಾಲಿಗೆ ಜೋಮು ಹಿಡಿಯುತ್ತದೆ, ಆಮೇಲೆ ಯಾವ ಆತುರವೂ ಇರುವುದಿಲ್ಲ. ತುಂಬಿದ ಚಿಪ್ಪಿಗೆ ಹೈ ಟೈಡ್, ಅರ್ಧಕ್ಕೆ ಲೋ ಟೈಡ್ ಅನ್ನುತ್ತಾರೆ. ಮೊದಲ ಸಲ ಲೋ ಟೈಡ್ ಅಂತಲೇ ಕೇಳಿ. ಮತ್ತೆ ಮಾರನೇ ದಿನ ಬೆಳಗ್ಗೆ ಏಳಕ್ಕೆ ವಿಮಾನ ಇದ್ದರೆ ಹಿಂದಿನ ರಾತ್ರಿ ಬೋಗುಣಿಯ ಹತ್ತಿರವೂ ಸುಳಿಯಬೇಡಿ.